ಜಾಬ್ ಕಾರ್ಡಿನಿಂದ ಬಿಟ್ಟುಹೋದ ಮಧ್ಯಾಹ್ನ

ನಮ್ಮ ಕಾರು ವರ್ಕ್‌ಶಾಪಿನ ದರಪಟ್ಟಿಯಲ್ಲಿ, ಯಂತ್ರ ಹಚ್ಚಿ ಗಾಡಿಯ ದೋಷ ಹುಡುಕುವ ಸ್ಕ್ಯಾನಿಂಗ್‌ಗೆ 850 ರೂಪಾಯಿ. ಶೇ 18ರ ಜಿಎಸ್‌ಟಿ 153. ಒಟ್ಟು 1003. ಕೊನೆಯ ಮೂರು ರೂಪಾಯಿಯನ್ನು ಗ್ರಾಹಕರೂ ಬಿಟ್ಟುಬಿಡುತ್ತಾರೆ, ಕ್ಯಾಷಿಯರ್ ಕೂಡ ಬಿಡುತ್ತಾನೆ. ಸಿರುಗುಪ್ಪದ ಆ ಹಿರಿಯರು ಮಾತ್ರ ಅಂಗಿಯ ಒಳಜೇಬಿನಿಂದ ಒಂದೊಂದು ರೂಪಾಯಿಯ ಮೂರು ನಾಣ್ಯ ತೆಗೆದು ಕೌಂಟರಿನ ಗಾಜಿನ ಮೇಲೆ ಸಾಲಾಗಿ ಇಟ್ಟರು. ಎರಡನೆಯ ಸಲ ಬಂದಾಗಲೂ ಹಾಗೆಯೇ ಇಟ್ಟರು. ಈಗ ಯಾರಾದರೂ ಆ ಗಾಜಿನ ಮೇಲೆ ಚಿಲ್ಲರೆ ಇಟ್ಟರೆ ನಾನು ಕಂಪ್ಯೂಟರ್ ಬಿಟ್ಟು ತಲೆ ಎತ್ತುತ್ತೇನೆ.

ಬಳ್ಳಾರಿಯಲ್ಲಿ ಸರ್ವಿಸ್ ಅಡ್ವೈಸರ್ ಆಗಿ, ಅಂದರೆ ಗ್ರಾಹಕರ ದೂರು ಕೇಳಿ ಜಾಬ್ ಕಾರ್ಡ್ ಎಂಬ ಕೆಲಸದ ಚೀಟಿ ತೆರೆಯುವವನಾಗಿ, ನನಗೆ ಇದು ಒಂಬತ್ತನೆಯ ವರ್ಷ. ಕೆಲಸ ಗೊತ್ತಿಲ್ಲದವನು ಮಾಡಿದ ತಪ್ಪಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಅವರು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರು. ಮಗ ಕೊಡಿಸಿದ ಪೆಟ್ರೋಲ್ ಕಾರು, ಹದಿನಾಲ್ಕು ತಿಂಗಳು, ಇಪ್ಪತ್ತೊಂದು ಸಾವಿರ ಕಿಲೋಮೀಟರ್. ವಾರಂಟಿ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್. ಏಪ್ರಿಲ್‌ನಲ್ಲಿ ಮೊದಲ ಸಲ ಬಂದಾಗ ಬೆಳಿಗ್ಗೆ ಒಂಬತ್ತು ಗಂಟೆ. ರಿಸೆಪ್ಷನ್ನಿನಲ್ಲಿ ಏಳು ಗಾಡಿ ಸಾಲು ನಿಂತಿದ್ದವು. ಫ್ಲೋರ್ ಇನ್‌ಚಾರ್ಜ್, ಬೇ (ಗಾಡಿ ರಿಪೇರಿ ಮಾಡುವ ಜಾಗ) ಖಾಲಿ ಇದೆ, ಗಾಡಿ ಕಳಿಸು ಎಂದು ಫೋನಿನಲ್ಲಿ ಒಂದೇ ಸಮನೆ ಕಿರುಚುತ್ತಿದ್ದ.

"ತಮ್ಮಾ, ಇಂಜಿನ್ ದೀಪ ಹತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ತೆಕ್ಕಲಕೋಟೆ ದಾಟಿದ ಮೇಲೆ ಗಾಡಿ ಸುಮ್ಮನೆ ಆರಿಹೋಯಿತು. ಎಷ್ಟು ಕೀ ತಿರುಗಿಸಿದರೂ ಹತ್ತಲಿಲ್ಲ. ಅರ್ಧ ಗಂಟೆ ಮರದ ಕೆಳಗೆ ಕೂತೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು" ಎಂದರು.

ನಮ್ಮ ಡೀಲರ್‌ಶಿಪ್ಪಿನ ಸಾಫ್ಟ್‌ವೇರ್ ಆದ ಡಿಎಂಎಸ್‌ನಲ್ಲಿ ದೂರನ್ನು ಟೈಪ್ ಮಾಡುವುದಿಲ್ಲ, ಪಟ್ಟಿಯಿಂದ ಆರಿಸುತ್ತೇವೆ. ನಾನು 'ಚೆಕ್ ಇಂಜಿನ್ ಲೈಟ್ ಆನ್' ಎಂಬುದನ್ನು ಆರಿಸಿದೆ. ಮಧ್ಯಾಹ್ನ ಹೋಯಿತು, ತೆಕ್ಕಲಕೋಟೆ ಹೋಯಿತು, ಮರದ ಕೆಳಗಿನ ಅರ್ಧ ಗಂಟೆಯೂ ಹೋಯಿತು. ಬಿಸಿಯಾದಾಗ ನಿಲ್ಲುತ್ತದೆ, ತಣ್ಣಗಾದರೆ ಓಡುತ್ತದೆ ಎಂದು ಹೊಸ ಹುಡುಗನೊಬ್ಬ ನನ್ನ ಬಳಿ ಬಂದು ಹೇಳಿದ್ದರೆ, ಮೊದಲು ಕ್ರ್ಯಾಂಕ್ ಸೆನ್ಸರ್ ನೋಡು ಎಂದು ಟೀ ಲೋಟ ಕೆಳಗಿಡದೆಯೇ ಹೇಳುತ್ತಿದ್ದೆ. ಇಂಜಿನ್ನಿನ ಕ್ರ್ಯಾಂಕ್ ದಂಡ ತಿರುಗುತ್ತಿದೆ ಎಂದು ಗಾಡಿಯ ಕಂಪ್ಯೂಟರಿಗೆ ತಿಳಿಸುವುದು ಅದೇ. ಗ್ರಾಹಕರು ಅದನ್ನೇ ಹೇಳಿದಾಗ ನನಗೆ ಕೇಳಿಸಿದ್ದು 'ದೀಪ' ಒಂದೇ.

ಗಾಡಿ ಬಂದಾಗ ಆ ದೀಪವೂ ಆರಿತ್ತು. ಇದು ಮಾಮೂಲು. ಸಾಮಾನ್ಯವಾಗಿ ಮೂರು ಡ್ರೈವಿಂಗ್ ಸೈಕಲ್‌ನಲ್ಲಿ (ಸ್ಟಾರ್ಟ್ ಮಾಡಿ ಓಡಿಸಿ ಬಂದ್ ಮಾಡಿದರೆ ಒಂದು ಸೈಕಲ್) ದೋಷ ಮರುಕಳಿಸದಿದ್ದರೆ ದೀಪ ತಾನೇ ಆರುತ್ತದೆ, ದೋಷದ ಕೋಡ್ ಮಾತ್ರ ಒಳಗೆ ಉಳಿಯುತ್ತದೆ. ಸ್ಕ್ಯಾನರಿನಲ್ಲಿ ಒಂದೇ ಒಂದು ಹಿಸ್ಟರಿ ಕೋಡ್, ಪಿ0335. ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಕೋಡು ಕೂಡ ಅದೇ ಮಾತು ಹೇಳುತ್ತಿತ್ತು, ನೋಡಿ. ಟೆಕ್ನಿಷಿಯನ್ ತಣ್ಣನೆಯ ಇಂಜಿನ್ನಿನಲ್ಲಿ ರೆಸಿಸ್ಟೆನ್ಸ್ ನೋಡಿದ, ಸರಿಯಿತ್ತು. ಕನೆಕ್ಟರ್ ಬಿಚ್ಚಿ, ಊದಿ, ಮತ್ತೆ ಸಿಕ್ಕಿಸಿದ. "ಅಳಿಸಲಾ ಅಣ್ಣಾ?" ಎಂದು ಕೇಳಿದ. ಅಳಿಸು ಎಂದೆ. ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಅಳಿಯುತ್ತದೆ. ಗಾಡಿ ಕೈಕೊಟ್ಟ ಕ್ಷಣದಲ್ಲಿ ಕೂಲಂಟ್ ಎಷ್ಟು ಬಿಸಿಯಿತ್ತು, ವೇಗ ಎಷ್ಟಿತ್ತು, ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಎಷ್ಟಿತ್ತು ಎಂಬ ಒಂದೇ ಒಂದು ಸಾಕ್ಷಿಯನ್ನು ನಾನೇ ಒರೆಸಿಹಾಕಿಸಿದೆ. ಆಮೇಲೆ ಹೊಸಪೇಟೆ ರಸ್ತೆಯಲ್ಲಿ ಎಂಟು ಕಿಲೋಮೀಟರ್ ರೋಡ್ ಟೆಸ್ಟ್, ಬೆಳಗಿನ ತಂಪಿನಲ್ಲಿ. ಗಾಡಿ ಹೂವಿನಂತೆ ಓಡಿತು. 'ದೋಷ ಕಂಡುಬಂದಿಲ್ಲ' ಎಂದು ಬರೆದು ಬಿಲ್ ತೆಗೆದೆ.

"ವಾರಂಟಿ ಇದೆಯಲ್ಲ ತಮ್ಮಾ?"

"ದೋಷ ಸಿಕ್ಕಿದ್ದರೆ ವಾರಂಟಿ ಸರ್. ಸಿಕ್ಕಿಲ್ಲವಲ್ಲ, ಅದಕ್ಕೇ ಚಾರ್ಜ್."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಅಂದರೆ ನೀವು ಹುಡುಕಿಕೊಟ್ಟರೆ ಪುಕ್ಕಟೆ, ಹುಡುಕಲಾಗದಿದ್ದರೆ ದುಡ್ಡು" ಎಂದರು. ಜಗಳದ ದನಿ ಇರಲಿಲ್ಲ. ಲೆಕ್ಕ ತಾಳೆ ನೋಡುವವರ ದನಿ. ಆಮೇಲೆ ಮೂರು ನಾಣ್ಯ.

ನನ್ನ ಬಾಯಿಗೆ ಆ ಮಾತು ಬಂದದ್ದು ಸುಮ್ಮನೆ ಅಲ್ಲ. ಕಾರು ತಯಾರಿಸುವ ಕಂಪನಿ ನಮಗೆ ವಾರಂಟಿ ಕೂಲಿ ಕೊಡುವುದು ಎಫ್‌ಆರ್‌ಟಿ, ಅಂದರೆ ಫ್ಲಾಟ್ ರೇಟ್ ಟೈಮ್ ಲೆಕ್ಕದಲ್ಲಿ. ಸೆನ್ಸರ್ ಬದಲಿಸಲು ಇಷ್ಟು ನಿಮಿಷ ಎಂದು ಮೊದಲೇ ಬರೆದಿಟ್ಟಿರುತ್ತಾರೆ. ಅದು ಸೆನ್ಸರಿನದೇ ತೊಂದರೆ ಎಂದು ಕಂಡುಹಿಡಿಯಲು ಮೂರು ಗಂಟೆ ಹಿಡಿದರೆ ನಮ್ಮಲ್ಲಿ ಆ ಮೂರು ಗಂಟೆಗೆ ಯಜಮಾನರಿಲ್ಲ. ಎನ್‌ಟಿಎಫ್, ಅಂದರೆ ದೋಷವೇ ಸಿಗಲಿಲ್ಲ ಎಂದಾದರಂತೂ ನಯಾಪೈಸೆ ಬರುವುದಿಲ್ಲ. ತಿಂಗಳ ಲೇಬರ್ ಟಾರ್ಗೆಟ್ ಮಾತ್ರ ಇದ್ದೇ ಇರುತ್ತದೆ. ಆಗ ಕೌಂಟರಿನ ಆಚೆ ನಿಂತವರ ಜೇಬು ಕಾಣುತ್ತದೆ. ಇದು ತಪ್ಪು ಎಂದು ನಮ್ಮ ವರ್ಕ್ಸ್ ಮ್ಯಾನೇಜರಿಗೂ ಗೊತ್ತು. ಆದರೆ ಸಂಜೆ ಆರಕ್ಕೆ ಅವರಿಗೆ ಬರುವ ಫೋನಿನಲ್ಲಿ ಕೇಳುವುದು ಲೇಬರ್ ಎಷ್ಟಾಯಿತು ಎಂಬುದನ್ನು ಮಾತ್ರ.

ಎರಡನೆಯ ಸಲ ಬಂದದ್ದು ಮೇ ಮೊದಲ ವಾರ. ಮತ್ತೆ ಬೆಳಿಗ್ಗೆಯೇ, ಏಕೆಂದರೆ ನಾವು ಅಪಾಯಿಂಟ್‌ಮೆಂಟ್ ಕೊಡುವುದೇ ಬೆಳಿಗ್ಗೆ. ಅದೇ ದೂರು, ಅದೇ ಕೋಡ್. ಈ ಸಲ ನಾನೇ ಬಾನೆಟ್ ಎತ್ತಿಸಿ ನೋಡಿದೆ. ಬಾನೆಟ್ ಒಳಗಿನ ಇನ್ಸುಲೇಷನ್ ಹಾಳೆಯ ಮೂಲೆ ಹರಿದು ಹತ್ತಿ ಕಿತ್ತಿತ್ತು. ಬ್ಯಾಟರಿ ತಟ್ಟೆಯ ಮೇಲೆ ನಾಲ್ಕು ಭತ್ತದ ಹೊಟ್ಟು, ಎರಡು ಹಿಕ್ಕೆ. ವೈರುಗಳ ಕಟ್ಟಾದ ಹಾರ್ನೆಸ್ಸಿನ ಮೇಲೆ ಉಗುರಿನಿಂದ ಗೀರಿದಂತೆ ಒಂದು ಗೆರೆ. ನನಗಾದ ಸಂತೋಷ ಹೇಳತೀರದು. ಸಿರುಗುಪ್ಪ, ಗಿರಣಿ, ಭತ್ತ, ಇಲಿ! ಕಥೆ ತಾನೇ ಪೂರ್ತಿಯಾಯಿತು. ಇಲಿ ಕಡಿತಕ್ಕೆ ವಾರಂಟಿ ಇಲ್ಲ. ಇದು ಸಾಮಾನ್ಯವಾಗಿ ಕಂಪನಿಗಳ ಪುಸ್ತಕದಲ್ಲಿ ಹೊರಗಿನ ಕಾರಣದ ಸಾಲಿಗೇ ಸೇರುತ್ತದೆ. ಮೊಬೈಲಿನಲ್ಲಿ ಆರು ಫೋಟೊ ತೆಗೆದೆ. ಆ ಗೀರಿನ ಕೆಳಗೆ ತಾಮ್ರ ಕಾಣುತ್ತದೆಯೇ ಎಂದು ಮಾತ್ರ ನೋಡಲಿಲ್ಲ. ಕಾಣುತ್ತಿರಲಿಲ್ಲ. ಗೀರು ಮೇಲಿನ ಕೊಳವೆಯನ್ನೇ ದಾಟಿರಲಿಲ್ಲ.

ಫೋಟೊ ತೋರಿಸಿ ವಿವರಿಸಿದೆ. ಬಹಳ ಚೆನ್ನಾಗಿ ವಿವರಿಸಿದೆ ಎಂದು ಹೇಳಲೇಬೇಕು, ಪಕ್ಕದ ಕೌಂಟರಿನ ಗ್ರಾಹಕರೂ ತಲೆದೂಗಿದರು. ಸ್ಕ್ಯಾನಿಂಗ್ 1003, ವೈರಿಂಗ್ ಟೇಪ್ ಸುತ್ತಿದ್ದಕ್ಕೆ 1180, ಒಟ್ಟು 2183. ಹಿರಿಯರು ಫೋಟೊ ನೋಡಿದರು. "ಇಲಿ ಇದ್ದರೆ ಬೆಳಿಗ್ಗೆಯೂ ನಿಲ್ಲಬೇಕಲ್ಲ ತಮ್ಮಾ. ಇಲಿಗೆ ಮಧ್ಯಾಹ್ನದ ಪಾಳಿಯೇ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಅಲ್ಲಿಯೂ ಮಧ್ಯಾಹ್ನ ಎಂಬ ಮಾತು ಬಂದಿತ್ತು ಎಂಬುದು ನನಗೆ ಹೊಳೆದದ್ದು ಹತ್ತು ದಿನ ಕಳೆದ ಮೇಲೆ.

ಮೂರನೆಯ ಸಲ ಅವರು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಲಿಲ್ಲ. ಮೇ ತಿಂಗಳ ಮಧ್ಯಾಹ್ನ ಎರಡೂ ನಲವತ್ತಕ್ಕೆ ಗೇಟಿನೊಳಗೆ ಬಂದು ನೇರ ಬೇ ಮುಂದೆ ನಿಲ್ಲಿಸಿದರು. ಬಳ್ಳಾರಿಯ ಆ ಹೊತ್ತಿನ ಬಿಸಿಲು ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಅಂಗಳದ ಕಾಂಕ್ರೀಟು ಚಪ್ಪಲಿ ತೂರಿ ಸುಡುತ್ತಿತ್ತು. ನಾನು ಕೀ ಕೇಳಿದೆ.

"ಬಂದ್ ಮಾಡಬೇಡ. ಹೀಗೇ ಇರಲಿ. ದಾರಿಯಲ್ಲಿ ಎರಡು ಸಲ ಕೆಮ್ಮಿದೆ, ಇನ್ನು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನೀನೇ ನೋಡು."

ಕೈಯಲ್ಲಿ ಗಿರಣಿಯ ಉದ್ದನೆಯ ಲೆಕ್ಕದ ಪುಸ್ತಕ. ಹಿಂದಿನ ಪುಟದಲ್ಲಿ ಐದು ಸಾಲು: ತಾರೀಖು, ಗಂಟೆ, ಊರು, ಎಷ್ಟು ನಿಮಿಷ ನಿಂತಿತು. ಐದೂ ಒಂದೂವರೆಯಿಂದ ಮೂರೂವರೆಯ ಒಳಗೆ. ಅದನ್ನು ಓದಿದಾಗ ಎ.ಸಿ. ಕೋಣೆಯಿಂದ ಹೊರಬಂದವನಿಗೆ ಬೆವರು ಬಿಸಿಲಿನಿಂದ ಮಾತ್ರ ಬರಲಿಲ್ಲ.

ಸ್ಕ್ಯಾನರ್ ತಂದೆವು. ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಟ್ಯಾಬ್ಲೆಟ್ ಹಚ್ಚಿದರೆ ಪರದೆಯ ಮೇಲೆ ಬಂದದ್ದು ಅಪ್‌ಡೇಟ್. 'ನಂತರ' ಎಂಬ ಬಟನ್ ಇಲ್ಲ. ಶೇ 4. ಶೇ 11. ಇಂಜಿನ್ ಓಡುತ್ತಿದೆ, ಫ್ಯಾನ್ ಭರ್ರೆನ್ನುತ್ತಿದೆ. ಇದುವರೆಗೆ ನಿಲ್ಲಬಾರದು ಎಂದು ಬಿಲ್ ಮಾಡಿದ ಗಾಡಿಯನ್ನು ಈಗ ನಿಲ್ಲು ಎಂದು ಬೇಡಿಕೊಳ್ಳುತ್ತಿದ್ದೇನೆ, ಆದರೆ ಈಗಲೇ ಬೇಡ, ಟ್ಯಾಬ್ಲೆಟ್ ತಯಾರಾಗಲಿ ಎಂದು. ಶೇ 38ರಲ್ಲಿ ವೈಫೈ ಹೋಯಿತು. ಟೆಕ್ನಿಷಿಯನ್ ತನ್ನ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟ. ಗ್ರಾಹಕರು ಹಳದಿ ಗೆರೆ ದಾಟಿ ಬೇ ಒಳಗೆ ಬರುವಂತಿಲ್ಲ. ಹಿರಿಯರು ಗೆರೆಯ ಮೇಲೆಯೇ, ಕೈ ಹಿಂದೆ ಕಟ್ಟಿ ನಿಂತಿದ್ದರು. ನಾನು ಕುರ್ಚಿ ತರಿಸಿದೆ, ಕೂರಲಿಲ್ಲ.

ಹದಿನೆಂಟು ನಿಮಿಷ. ಕೊನೆಗೆ ಲೈವ್ ಡೇಟಾ ತೆರೆಯಿತು. ಆರ್‌ಪಿಎಂ ಗೆರೆ 800ರ ಹತ್ತಿರ ಸಣ್ಣಗೆ ನಡುಗುತ್ತಿತ್ತು. ಟೆಕ್ನಿಷಿಯನ್ ಹಾರ್ನೆಸ್ ಹಿಡಿದು ಅಲುಗಾಡಿಸಿದ, ನಾನು ಇಲಿಯೆಂದು ಟೇಪ್ ಸುತ್ತಿಸಿದ ಜಾಗವನ್ನೇ. ಗೆರೆ ಅಲುಗಲಿಲ್ಲ. ಕನೆಕ್ಟರ್ ಎಳೆದಾಡಿದ, ಅದಕ್ಕೂ ಅಲುಗಲಿಲ್ಲ. ಆಮೇಲೆ ಹೀಟ್ ಗನ್ ತಂದು ಸೆನ್ಸರಿಗೆ ಬಿಸಿಗಾಳಿ ಹಿಡಿದ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಗೆರೆ 800ರಿಂದ ಸೊನ್ನೆಗೆ ಬಿತ್ತು. ಇಳಿಯಲಿಲ್ಲ, ಕತ್ತರಿಸಿದಂತೆ ಬಿತ್ತು. ಇಂಜಿನ್ ಆರಿತು. ಕ್ರ್ಯಾಂಕ್ ತಿರುಗುವುದು ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಕಾಣದಿದ್ದರೆ ಅದು ಪೆಟ್ರೋಲ್ ಬಿಡುವುದಿಲ್ಲ, ಕಿಡಿ ಕೊಡುವುದಿಲ್ಲ. ಕೀ ತಿರುಗಿಸಿದರೆ ಸ್ಟಾರ್ಟರ್ ಸುತ್ತುತ್ತದೆ, ಪರದೆಯಲ್ಲಿ ಆರ್‌ಪಿಎಂ ಸೊನ್ನೆ. ಒದ್ದೆ ಬಟ್ಟೆ ಸುತ್ತಿ ಸೆನ್ಸರ್ ತಣಿಸಿದೆವು. ಹತ್ತಿತು.

ಸೆನ್ಸರ್ ಒಳಗಿನ ಸಂಪರ್ಕ ಬಿಸಿಗೆ ಬಿಡುತ್ತಿತ್ತು. ಬಿಡಿಭಾಗದ ದೋಷ, ಪೂರ್ತಿ ವಾರಂಟಿ. ಇಲಿಯೂ ಇದ್ದದ್ದು ನಿಜವೇ. ಅದು ಹತ್ತಿ ಕಿತ್ತು ತನ್ನ ಪಾಡಿಗೆ ಮಲಗಿತ್ತು.

ಸೆನ್ಸರ್ ಬದಲಾದದ್ದಕ್ಕೆ ಬಿಲ್ ಸೊನ್ನೆ. ಹಿರಿಯರು ಹೊಸ ಬಿಲ್ ಪಕ್ಕಕ್ಕೆ ಸರಿಸಿ ಹಳೆಯ ಎರಡನ್ನು ಬಿಚ್ಚಿಟ್ಟರು. 1003, 2183, ಕೆಳಗೆ ಪೆನ್ನಿನಲ್ಲಿ ಕೂಡಿಸಿದ 3186. ವರ್ಕ್ಸ್ ಮ್ಯಾನೇಜರ್ ಬಂದು ಆ ಎರಡು ಭೇಟಿಯಲ್ಲೂ ನಮ್ಮ ಶ್ರಮ ಆಗಿದೆ ಸರ್ ಎಂದರು, ಉಚಿತ ವಾಷಿಂಗ್ ಮತ್ತು ಪಾಲಿಷ್ ಕೂಪನ್ ಕೊಡುತ್ತೇನೆ ಎಂದರು. "ಕೊಳೆಯಾಗಿದೆ ಎಂದು ನಾನು ದೂರು ಕೊಟ್ಟಿಲ್ಲ" ಎಂದರು ಹಿರಿಯರು. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿ ಎತ್ತುತ್ತದೆ, ಜಿಲ್ಲಾ ಗ್ರಾಹಕ ಆಯೋಗ ಇದೇ ಬಳ್ಳಾರಿಯಲ್ಲಿದೆ, ಅಂಥದ್ದಕ್ಕೆ ನನಗೆ ಪುರುಸೊತ್ತು ಇಲ್ಲ, ಆದರೆ ಮಾಡಿಕೊಳ್ಳಬಲ್ಲೆ ಎಂದರು. ಮ್ಯಾನೇಜರ್ ನನ್ನ ಕಡೆ ತಿರುಗಿದರು. ಆಗ ನಾನು ಬಾಯಿ ಬಿಡಬೇಕಾಯಿತು. ಮೊದಲ ದಿನವೇ ಅವರು ಮಧ್ಯಾಹ್ನ ಎಂದು ಹೇಳಿದ್ದರು, ನಾನು ಬರೆಯಲಿಲ್ಲ, ಕೋಡ್ ಅಳಿಸಿಸಿದೆ ಎಂದೆ. ಆ ವಾಕ್ಯ ಹೇಳುವುದಕ್ಕೆ ಹದಿನೆಂಟು ನಿಮಿಷಕ್ಕಿಂತ ಉದ್ದನೆಯ ಹೊತ್ತು ಹಿಡಿದಂತಾಯಿತು. ಕ್ರೆಡಿಟ್ ನೋಟ್ ಆಗಿ ಹಣ ಅವರ ಖಾತೆಗೆ ಹೋಗಲು ಒಂಬತ್ತು ದಿನ. ಅದೇ ದೂರಿಗೆ ಗಾಡಿ ಮತ್ತೆ ಬಂದದ್ದು ರಿಪೀಟ್ ಜಾಬ್ ಎಂದು ನನ್ನ ಹೆಸರಿಗೆ ಬಿತ್ತು, ಆ ತಿಂಗಳ ಇನ್ಸೆಂಟಿವ್ ಹೋಯಿತು.

ಈಗ ವಾರಂಟಿ ಗಾಡಿಯನ್ನು ಸ್ಕ್ಯಾನಿಗೆ ಹಾಕುವ ಮೊದಲೇ ಯಾವುದಕ್ಕೆ ಚಾರ್ಜ್ ಬೀಳುತ್ತದೆ, ಯಾವುದಕ್ಕೆ ಇಲ್ಲ, ಎಷ್ಟು ಎಂದು ಬರೆದು ಸಹಿ ತೆಗೆದುಕೊಳ್ಳುತ್ತೇನೆ. ಏನೂ ಸಿಗದಿದ್ದರೆ ಸೊನ್ನೆ. ಇದನ್ನು ಮ್ಯಾನೇಜರ್ ಬಾಯಲ್ಲಿ ಒಪ್ಪಿದ್ದಾರೆ, ಲಿಖಿತವಾಗಿ ಒಪ್ಪಿಲ್ಲ. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮಿನ ಫೋಟೊ ಕಡ್ಡಾಯ. ಮಧ್ಯಾಹ್ನ ನಿಲ್ಲುವ ಗಾಡಿಯನ್ನು ಮಧ್ಯಾಹ್ನವೇ ತರಿಸುತ್ತೇನೆ, ಫ್ಲೋರ್ ಇನ್‌ಚಾರ್ಜ್ ಎಷ್ಟು ಗೊಣಗಿದರೂ. ಗ್ರಾಹಕರ ಮಾತಿಗೆ ಡಿಎಂಎಸ್‌ನಲ್ಲಿ ಈಗಲೂ ಜಾಗವಿಲ್ಲ. ಹಾಗಾಗಿ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಪೆನ್ನಿನಲ್ಲಿ ಬರೆಯುತ್ತೇನೆ.

ಕಳೆದ ತಿಂಗಳು ಕಂಪನಿಯ ಆಡಿಟ್ ಬಂದಿತ್ತು. ಜಾಬ್ ಕಾರ್ಡಿನ ಮೇಲೆ ಕೈಬರಹ ಇದ್ದದ್ದಕ್ಕೆ ನಮಗೆ ಎರಡು ಅಂಕ ಕಡಿಮೆ.