ಎರಡು ಕನ್ನಡಿ, ಒಂದು ಸೂರ್ಯ

ಚೆಂದದ ಛಾಯಾಗ್ರಹಣದ ಮಾತು ಬಂದರೆ ಒಂದು ಗುಂಪು ತಕ್ಷಣ ಸ್ಟ್ಯಾನ್ಲಿ ಕುಬ್ರಿಕ್‌ರ ಇಂಗ್ಲಿಷ್ ಸಿನಿಮಾ ‘ಬ್ಯಾರಿ ಲಿಂಡನ್’ (1975) ಅನ್ನುತ್ತೆ. ತಪ್ಪೇನಿಲ್ಲ. ಮೇಣದಬತ್ತಿ ಬೆಳಕು, ಕಮ್ಮಿ ಬೆಳಕಲ್ಲೂ ಚಿತ್ರ ಹಿಡಿಯೋ ಅಗಲ ಬಾಯಿಯ ಎಫ್/0.7ರ 50 ಮಿ.ಮೀ. ಝೈಸ್ ಲೆನ್ಸ್, ಲ್ಯಾಬಿನಲ್ಲಿ ಒಂದು ಸ್ಟಾಪ್ ಪುಶ್ (ಫಿಲ್ಮನ್ನು ಹೆಚ್ಚು ಹೊತ್ತು ಸಂಸ್ಕರಿಸಿ ಚಿತ್ರ ಬೆಳಗಿಸೋದು). ಆದರೆ ಫೋಕಸ್ಸಿನ ಆಳ ಎಷ್ಟು ತೆಳು ಅಂದ್ರೆ, ನಟ ಚೂರು ಮುಂದೆ ಬಾಗಿದರೂ ಮುಖ ಮಸುಕು. ಆ ದೃಶ್ಯಗಳಲ್ಲಿ ಎಲ್ಲರೂ ದಸರಾ ಗೊಂಬೆಗಳ ಹಾಗೆ ಕೂತಿರೋದು ಸುಮ್ಮನೆ ಅಲ್ಲ!

ನನ್ನ ಓಟು ಮಾತ್ರ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರಿಗೆ. ಗುರುದತ್‌ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ (1959), ಖಾಲಿ ಸ್ಟುಡಿಯೋದೊಳಗೆ ಇಳಿಯುವ ಆ ಬೆಳಕಿನ ಕಂಬ. ಸ್ಟುಡಿಯೋ ದೀಪದ ಕಿರಣ ದೂರ ಹೋದಷ್ಟೂ ಅಗಲವಾಗಿ ಹರಡುತ್ತೆ. ಬಿಸಿಲಿನ ಕಿರಣ ಹೆಚ್ಚುಕಡಿಮೆ ಸಮಾನಾಂತರ. ಅದಕ್ಕೇ ಬಿಸಿಲನ್ನೇ ಒಳಗೆ ತರೋಕೆ ಹೊರಗೊಂದು ಕನ್ನಡಿ, ಒಳಗೆ ಮೇಲೊಂದು ಕನ್ನಡಿ, ನಡುವೆ ಹೊಗೆ. ಹೀಗೆ ಮಾಡುವಾಗ ಕೈಕೊಡೋದು ಎರಡೇ. ಸೂರ್ಯ ಸರಿದ ಹಾಗೆ ಕಂಬವೂ ಸರಿಯುತ್ತೆ, ಹೊರಗಿನ ಕನ್ನಡಿ ತಿರುಗಿಸ್ತಾನೇ ಇರಬೇಕು. ಹೊಗೆ ಕಮ್ಮಿಯಾದರೆ ಕಿರಣವೇ ಕಾಣಲ್ಲ, ಜಾಸ್ತಿಯಾದರೆ ಕಪ್ಪೆಲ್ಲ ಬೂದಿ ಬಣ್ಣ.

ಈ ಚಿತ್ರವನ್ನು ಫೋನಿನಲ್ಲಿ ನೋಡೋರು ಬ್ರೈಟ್‌ನೆಸ್ ಸ್ವಲ್ಪ ಇಳಿಸಿ, ಕೋಣೆ ಕತ್ತಲೆ ಮಾಡಿಕೊಳ್ಳಿ. ಸಿನಿಮಾಸ್ಕೋಪ್, ಅಂದ್ರೆ ತುಂಬಾ ಅಗಲವಾದ ಚೌಕಟ್ಟಿನ ಚಿತ್ರ ಅದು. ಪರದೆ ತುಂಬಲಿ ಅಂತ ಝೂಮ್ ಮಾಡಿದರೆ ಅಂಚಿನ ಕತ್ತಲೇ ಕತ್ತರಿಸಿ ಹೋಗುತ್ತೆ.