ನಕ್ಷತ್ರದ ಹೊಳಪಿಗೆ ಯಾವ ಬ್ರಷ್ ಅಂತ ಕೇಳುವವರಿಗೆ

‘ಫೋಟೋದಲ್ಲಿ ದೀಪದ ಮೇಲೆ ಆ ನಕ್ಷತ್ರದ ಹೊಳಪು ಹಾಕೋಕೆ ಯಾವ ಬ್ರಷ್ ಬಳಸ್ತೀರಿ?’ ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ. ವಿಶೇಷ ಬ್ರಷ್ ಯಾವುದೂ ಇಲ್ಲ. ಫೋಟೋಶಾಪ್‌ನ ಮಾಮೂಲಿ ದುಂಡು ಬ್ರಷ್ ಸಾಕು, ಹಾರ್ಡ್‌ನೆಸ್ (ಅಂಚಿನ ಗಡಸುತನ) ಸೊನ್ನೆ ಇರಲಿ.

ಹೊಸ ಲೇಯರ್ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಪದರ) ತೆರೆದು 200 ಪಿಕ್ಸೆಲ್ ಗಾತ್ರದ ಒಂದು ಬಿಳಿ ಬೊಟ್ಟು ಇಡಿ. ಕಂಟ್ರೋಲ್ ಟಿ ಒತ್ತಿ, ಅಗಲ–ಎತ್ತರಗಳ ನಡುವಿನ ಕೊಂಡಿ ಬಿಡಿಸಿ, ಅಗಲ ಶೇ. 300, ಎತ್ತರ ಶೇ. 3 ಮಾಡಿ. ನಡುವೆ ಗಟ್ಟಿಯಾಗಿ, ತುದಿಗೆ ಹೋಗುತ್ತಾ ಸಣ್ಣಗೆ ಕರಗುವ ಸೂಜಿಯಂಥ ಕಿರಣ ಬರುತ್ತದೆ. ಕಂಟ್ರೋಲ್ ಜೆ ಒತ್ತಿ ಪ್ರತಿ ತೆಗೆದು 90 ಡಿಗ್ರಿ ತಿರುಗಿಸಿದರೆ ನಾಲ್ಕು ಮೊನೆ ಆಯಿತು. ಇದನ್ನೇ ಮೋಷನ್ ಬ್ಲರ್ ಅನ್ನುವ ಫಿಲ್ಟರ್‌ನಿಂದ ಮಾಡಲು ಹೋಗುವವರು ಬಹಳ ಜನ. ಮೋಷನ್ ಬ್ಲರ್ ಬೆಳಕನ್ನು ಉದ್ದಕ್ಕೂ ಒಂದೇ ಸಮ ಹರಡುತ್ತದೆ. ಹಾಗಾಗಿ ಕಿರಣ ಮಂಕಾಗುತ್ತದೆ, ತುದಿಯಲ್ಲಿ ಕತ್ತರಿಸಿದ ಕಡ್ಡಿಯ ಹಾಗೆ ನಿಲ್ಲುತ್ತದೆ.

ಇನ್ನು ಸುತ್ತಲಿನ ಪ್ರಭೆ. ಅದೇ ಮೆತ್ತನೆ ಬ್ರಷ್‌ನಲ್ಲಿ ಮೂರು ಬೊಟ್ಟು, ಮೂರೂ ಬೇರೆ ಬೇರೆ ಲೇಯರ್ ಮೇಲೆ: 40 ಪಿಕ್ಸೆಲ್‌ನದು ಪೂರ್ತಿ ಒಪಾಸಿಟಿ (ದಟ್ಟತೆ), 150ರದು ಶೇ. 40, 500ರದು ಶೇ. 12. ಬ್ಲೆಂಡ್ ಮೋಡ್ (ಕೆಳಗಿನ ಚಿತ್ರದೊಡನೆ ಬೆರೆಯುವ ಬಗೆ) ಸ್ಕ್ರೀನ್; ಅದರಲ್ಲಿ ಕಪ್ಪು ಕಾಣುವುದಿಲ್ಲ, ಬೆಳಕಷ್ಟೇ ಸೇರುತ್ತದೆ. ಬಣ್ಣ ಬೇಕಾದರೆ ಹೊರಗಿನ ಎರಡಕ್ಕೆ ಮಾತ್ರ ಕೊಡಿ, ತೀರಾ ಒಳಗಿನ ಚಿಕ್ಕದು ಬಿಳಿಯೇ ಇರಬೇಕು. ಕ್ಯಾಮೆರಾದಲ್ಲಿ ಪ್ರಖರ ದೀಪದ ನಡುಭಾಗ ಕೆಂಪು, ಹಸಿರು, ನೀಲಿ ಮೂರೂ ತುಂಬಿ ಬೆಳ್ಳಗಾಗಿರುತ್ತದೆ. ಅಲ್ಲಿ ಕಿತ್ತಳೆ ಬಳಿದರೆ ದೀಪ ಉರಿಯುವುದೇ ಇಲ್ಲ.

ರೆಡಿಮೇಡ್ ಫಿಲ್ಟರ್ ಕೇಳುವವರಿಗೂ ಎರಡು ಮಾತು. ಫೋಟೋಶಾಪ್‌ನ ಲೆನ್ಸ್ ಫ್ಲೇರ್ ಖಾಲಿ ಲೇಯರ್ ಮೇಲೆ ಓಡುವುದಿಲ್ಲ. ಕಪ್ಪು ತುಂಬಿದ ಲೇಯರ್ ಮೇಲೆ ಹಾಕಿ ಸ್ಕ್ರೀನ್ ಮಾಡಿ, ಆಗ ಬೇಕಾದ ಕಡೆಗೆ ಸರಿಸಬಹುದು. ಗಿಂಪ್ ಅನ್ನುವ ಇನ್ನೊಂದು ತಂತ್ರಾಂಶದ ಸ್ಪಾರ್ಕಲ್ ಫಿಲ್ಟರ್ ಚಿತ್ರದಲ್ಲಿ ಪ್ರಖರವಾಗಿದ್ದುದಕ್ಕೆಲ್ಲ ಮೊನೆ ಮೂಡಿಸುತ್ತದೆ, ಬಿಳಿ ಅಂಗಿಯನ್ನೂ ಬಿಡುವುದಿಲ್ಲ. ಅದನ್ನೂ ಬೇರೆ ಕಪ್ಪು ಲೇಯರ್‌ನಲ್ಲಿ, ನೀವೇ ಇಟ್ಟ ಬಿಳಿ ಚುಕ್ಕೆಗಳ ಮೇಲೆ ಓಡಿಸಿ.

ನನಗೆ ಆಗದಿರುವುದು ಆ ‘ಹಾಕೋದು’ ಅನ್ನುವ ಮಾತು. ಸ್ಟಿಕ್ಕರ್ ಅಂಟಿಸಿದ ಹಾಗೆ ಒಂದೊಂದು ದೀಪಕ್ಕೆ ಒಂದೊಂದು ದಿಕ್ಕಿನ ನಕ್ಷತ್ರ ಹಾಕಿ, ಆಮೇಲೆ ‘ಯಾಕೋ ನಕಲಿ ಅನ್ಸುತ್ತೆ’ ಅಂತ ಬರುತ್ತಾರೆ. ಆ ಕಿರಣ ಹುಟ್ಟುವುದು ಎಲ್ಲಿ ಅಂತ ಒಬ್ಬರಾದರೂ ಕೇಳಬಾರದೇ?

ಅದು ಹುಟ್ಟುವುದು ಲೆನ್ಸ್ ಒಳಗೆ. ಬೆಳಕು ಒಳಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತೆಳು ಪಟ್ಟಿಗಳಿಗೆ ಅಪರ್ಚರ್ ಬ್ಲೇಡ್ ಅಂತ ಹೆಸರು. ಅವುಗಳ ಪ್ರತಿಯೊಂದು ಅಂಚೂ ಬೆಳಕನ್ನು ತನ್ನ ಎರಡೂ ಪಕ್ಕಕ್ಕೆ ಚೆಲ್ಲುತ್ತದೆ. ಆರು ಬ್ಲೇಡ್ ಇದ್ದರೆ ಎದುರುಬದುರು ಅಂಚುಗಳ ಕಿರಣಗಳು ಒಂದರ ಮೇಲೊಂದು ಕೂತು ಆರೇ ಮೊನೆ ಕಾಣುತ್ತವೆ. ಏಳು ಇದ್ದರೆ ಯಾವುದೂ ಯಾವುದರ ಮೇಲೂ ಕೂರದೆ ಹದಿನಾಲ್ಕಾಗುತ್ತವೆ. ದೂರದರ್ಶಕಗಳಲ್ಲೂ ಇದೇ ಬಗೆಯ ಆಟ. ಹಬಲ್ ಚಿತ್ರದ ನಕ್ಷತ್ರಗಳಿಗೆ ನಾಲ್ಕು ಮೊನೆ, ಚಿಕ್ಕ ಕನ್ನಡಿಯನ್ನು ಹಿಡಿದ ನಾಲ್ಕು ಪಟ್ಟಿಗಳಿಂದ ಬಂದದ್ದು. 2022ರಿಂದ ನಾವು ನೋಡುತ್ತಿರುವ ಜೇಮ್ಸ್ ವೆಬ್ ಚಿತ್ರಗಳಲ್ಲಿ ಆರು ದೊಡ್ಡವು, ಎರಡು ಚಿಕ್ಕವು.

ಲೆನ್ಸ್ ಒಂದೇ ಆದ ಮೇಲೆ ಚಿತ್ರದ ಎಲ್ಲ ದೀಪಗಳ ಮೊನೆಗಳ ಎಣಿಕೆಯೂ ಒಂದೇ, ಓರೆಯೂ ಒಂದೇ. ಒಂದು ನಕ್ಷತ್ರ ಮಾಡಿ, ಪ್ರತಿ ತೆಗೆದು, ಗಾತ್ರ ಮಾತ್ರ ಬದಲಿಸಿ: ಪ್ರಖರ ದೀಪಕ್ಕೆ ಉದ್ದ, ಮಂಕು ದೀಪಕ್ಕೆ ಗಿಡ್ಡ. ಫೋಟೋದಲ್ಲಿ ಆಗಲೇ ನಿಜವಾದ ಮೊನೆಗಳಿದ್ದರೆ ಅವನ್ನು ಎಣಿಸಿ, ಅವುಗಳ ಓರೆಗೇ ನಿಮ್ಮದನ್ನೂ ಹೊಂದಿಸಿ. ದೀಪದ ಮುಂದೆ ಕೊಂಬೆ ಇದ್ದರೆ ಕಿರಣವನ್ನು ಮಾಸ್ಕ್ ಮಾಡಿ ಅದರ ಹಿಂದೆ ಮರೆಸಬೇಡಿ. ಅದು ಕೊಂಬೆಯ ಮೇಲೇ ಹಾದುಹೋಗಬೇಕು, ಹುಟ್ಟಿದ್ದು ಕೊಂಬೆಗಿಂತ ಈಚೆ ತಾನೆ? ಫೋಕಸ್ ತಪ್ಪಿ ದುಂಡಗೆ ಉಬ್ಬಿದ ಹಿನ್ನೆಲೆಯ ದೀಪಗಳಿಗಂತೂ ಚೂಪಾದ ಕಿರಣ ಬೇಡವೇ ಬೇಡ.

ಕೊನೆಗೆ, ಕತ್ತಲ ಆಕಾಶದಲ್ಲಿ ಪ್ರಭೆ ಉಂಗುರ ಉಂಗುರವಾಗಿ ಕಾಣುವ ತೊಂದರೆ. 8 ಬಿಟ್ ಚಿತ್ರದಲ್ಲಿ ಕತ್ತಲಿನಿಂದ ಬೆಳಕಿನವರೆಗೆ ಇರುವುದು 256 ಮೆಟ್ಟಿಲು. ಶೇ. 12ರ ಪ್ರಭೆಗೆ ಅದರಲ್ಲಿ ಸಿಗುವುದು ಸುಮಾರು 30. ಅವು 250 ಪಿಕ್ಸೆಲ್ ದೂರಕ್ಕೆ ಹಂಚಿಹೋದಾಗ ಒಂದೊಂದು ಮೆಟ್ಟಿಲೂ ಸರಾಸರಿ ಎಂಟು ಪಿಕ್ಸೆಲ್ ಅಗಲದ ಪಟ್ಟಿಯಾಗುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಮೊದಲಿಗೇ 16 ಬಿಟ್‌ಗೆ ಬದಲಿಸಿಕೊಳ್ಳಿ. ಕೆಲಸವೆಲ್ಲ ಮುಗಿದ ಮೇಲೆ, ಲೇಯರ್‌ಗಳನ್ನು ಒಂದಾಗಿಸಿದ ಪ್ರತಿಯ ಮೇಲೆ ಶೇ. 1ರಷ್ಟು ನಾಯ್ಸ್ (ಸಣ್ಣ ಕಾಳುಕಾಳು) ಸೇರಿಸಿ. ಪ್ರಭೆಯ ಲೇಯರ್‌ಗೇ ಸೇರಿಸಿದರೆ ಪಟ್ಟಿ ಹೋಗುವುದಿಲ್ಲ. ಅಲ್ಲಿ ನಾಯ್ಸ್ ಕದಡುವುದು ಬಣ್ಣವನ್ನು ಮಾತ್ರ, ಪಟ್ಟಿ ಕೂತಿರುವುದು ಪಾರದರ್ಶಕತೆಯಲ್ಲಿ.