ಬೆನ್ನ ಮೇಲಿನ ಬೋರ್ಡು

"ಇದನ್ನು ಹಾಕಿಕೊಂಡು ನಾನು ಮೀನು ಮಾರ್ಕೆಟಿಗೆ ಹೋಗುದು ಹೇಗೆ ಮಾರಾಯ? ಬೆನ್ನಲ್ಲಿ ಬೋರ್ಡೇ ಉಂಟಲ್ಲ!"

ಭಾನುವಾರದ ಮೀಟಿಂಗಿನಲ್ಲಿ ಅಕ್ಕ ಹೇಳಿದ ಈ ಮಾತು ವಾರವಿಡೀ ನನ್ನ ತಲೆಯಲ್ಲಿ ತಿರುಗುತ್ತಿದೆ. ವಿಟ್ಲಪಿಂಡಿಗೆ, ಅಂದರೆ ಕೃಷ್ಣಾಷ್ಟಮಿಯ ಮರುದಿನದ ಮೊಸರು ಕುಡಿಕೆ ಹಬ್ಬಕ್ಕೆ, ನಮ್ಮ ಯುವಕ ಮಂಡಲದ ಹೊಸ ಟೀ ಶರ್ಟ್ ಮಾಡಿಸುವ ಚರ್ಚೆ ಅದು. ಅಕ್ಕ ಹೋದ ವರ್ಷದ್ದನ್ನು ಎತ್ತಿ ತೋರಿಸಿದರು. ಎದೆಯಲ್ಲಿ ತಟ್ಟೆಯಷ್ಟು ದೊಡ್ಡ ಲೋಗೋ, ಬೆನ್ನು ತುಂಬ ದುಡ್ಡು ಕೊಟ್ಟವರ ಹೆಸರು, ಫೋನ್ ನಂಬರ್ ಸಮೇತ.

"ಕೊಟ್ಟವರ ಹೆಸರು ಹಾಕದಿದ್ರೆ ಆಗ್ತದಾ ಅಕ್ಕ?" ಎಂದರು ಖಜಾಂಚಿ.

"ಹಾಕಿ. ಆದ್ರೆ ಯಾರೂ ಹಾಕಿಕೊಳ್ಳದ ಅಂಗಿಯಲ್ಲಿ ಅವರ ಹೆಸರಿದ್ದು ಏನು ಪ್ರಯೋಜನ?"

ಖಜಾಂಚಿ ಸುಮ್ಮನಾದರು. ಒಳ್ಳೆಯ ಮನುಷ್ಯ, ಬಿಸಿಲು ಮಳೆ ನೋಡದೆ ಮನೆಮನೆಗೆ ಹೋಗಿ ದುಡ್ಡು ಕೂಡಿಸುತ್ತಾರೆ. ಆದರೆ ಅಂಗಿಯ ವಿಷಯದಲ್ಲಿ ಅವರು ನೋಡುವುದು ರೇಟು ಮಾತ್ರ. ಹಬ್ಬ ಮುಗಿದ ಮೇಲೆ ಆ ಅಂಗಿ ಬೈಕ್ ಒರೆಸುವ ಬಟ್ಟೆ ಆದರೆ ಅದು ಅಗ್ಗ ಹೇಗೆ?

ಹೋದ ವರ್ಷದ್ದು ಡ್ರೈ ಫಿಟ್, ಅಂದರೆ ಪಾಲಿಯೆಸ್ಟರ್. ಅಂಗಿಯಿಡೀ ಬಣ್ಣ ಬರುವ ಸಬ್ಲಿಮೇಷನ್ ಪ್ರಿಂಟಿಗೆ ಅದೇ ಬೇಕು. ಕಬಡ್ಡಿ ಆಡುವ ಹುಡುಗರಿಗೆ ಸರಿ, ಬೇಗ ಒಣಗುತ್ತದೆ. ದಿನವಿಡೀ ಹಾಕಿಕೊಂಡು ತಿರುಗಲು ನಮ್ಮ ಕರಾವಳಿಯ ಸೆಕೆಗೆ ಹತ್ತಿಯೇ ಹಿತ. ಆದರೆ ಚದರ ಮೀಟರಿಗೆ 220 ಗ್ರಾಂ ತೂಗುವ, ಅಂದರೆ 220 ಜಿಎಸ್‌ಎಂನ ದಪ್ಪ ಬಟ್ಟೆ ತಂದರೆ ಉಡುಪಿಯ ಮಳೆಗಾಲದಲ್ಲಿ ಒಣಗುವುದೇ ಇಲ್ಲ. 180ರ ಬಯೋವಾಶ್ ಹತ್ತಿ, ಅಂದರೆ ಕಿಣ್ವದಲ್ಲಿ ತೊಳೆದು ನಯ ಮಾಡಿದ್ದು, ಸಾಕು ಎಂದು ನಾನು ಹೇಳಿದೆ. ಪ್ರಿಂಟು ಎದೆಯ ಎಡಬದಿಯಲ್ಲಿ ಚಿಕ್ಕದಾಗಿ ಬರಲಿ. ದೊಡ್ಡ ಪ್ರಿಂಟಿನ ಅಡಿಯಲ್ಲಿ ಗಾಳಿ ಆಡುವುದಿಲ್ಲ, ಬೆವರು ಅಲ್ಲೇ ನಿಲ್ಲುತ್ತದೆ. ಕೊಟ್ಟವರ ಹೆಸರು ವೇದಿಕೆಯ ಬ್ಯಾನರಿನಲ್ಲಿ ದೊಡ್ಡದಾಗಿ ಹಾಕೋಣ, ಅದನ್ನು ಊರೇ ಓದುತ್ತದೆ.

ಬಟ್ಟೆಯ ಮಾತು ಬೇಗ ಮುಗಿಯಿತು. ಆಮೇಲೆ ಅಕ್ಕ ಮೆಲ್ಲಗೆ ಇನ್ನೊಂದು ಕೇಳಿದರು: "ನಮ್ಮ ಸೈಜ್ ಯಾರು ಕೇಳಿದ್ದು?"

ಯಾರೂ ಕೇಳಿರಲಿಲ್ಲ. ಗಂಡಸರ ಅಳತೆಯ ಎಲ್, ಎಕ್ಸೆಲ್ ರಾಶಿ ಹಾಕಿ, ಉಳಿದದ್ದನ್ನು ಹೆಂಗಸರಿಗೆ ಹಂಚುವುದು ನಡೆದು ಬಂದ ರೂಢಿ. ಅಷ್ಟಮಿಗೆ ಚಕ್ಕುಲಿ, ಉಂಡೆ ಕಟ್ಟಲು ರಾತ್ರಿಯಿಡೀ ಕೂರುವವರು ಅವರು. ಪಾತ್ರೆ ತೊಳೆದು ಕೊನೆಗೆ ಮನೆಗೆ ಹೋಗುವವರೂ ಅವರೇ. ಮಂಡಲದ ಹೆಸರು ಹೊರುವ ಅಂಗಿ ಮಾತ್ರ ಅವರ ಭುಜದಿಂದ ಜಾರುತ್ತದೆ, ಇಲ್ಲವೇ ಸೊಂಟದಲ್ಲಿ ಬಿಗಿಯುತ್ತದೆ. ಇದು ಬರೀ ಅಂಗಿಯ ಮಾತಲ್ಲ, ಅಲ್ವಾ? ನಮ್ಮ ಎಷ್ಟು ಸಂಘಗಳು ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದು, ಅವರ ಅಭಿಪ್ರಾಯವನ್ನು ಬಿಟ್ಟಿವೆ! ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ಈ ಸಲ ಎಲ್ಲ ಸೈಜಿನ ಒಂದೊಂದು ಸ್ಯಾಂಪಲ್ ತರಿಸಿ, ಹಾಕಿ ನೋಡಿದ ಮೇಲೆಯೇ ಆರ್ಡರ್ ಕೊಡುವುದೆಂದು ಒಪ್ಪಿಗೆಯಾಗಿದೆ. ಬಣ್ಣ ಇನ್ನೂ ತೀರ್ಮಾನವಾಗಿಲ್ಲ. ಹುಡುಗರಿಗೆ ಬಿಳಿ ಬೇಕಂತೆ. ಮೊಸರು ಕುಡಿಕೆಯ ಬಣ್ಣದ ನೀರು, ಕೆಂಪು ಮಣ್ಣಿನ ಕೆಸರು ಬಿದ್ದರೆ ಅದನ್ನು ತೊಳೆಯುವವರು ಯಾರು ಎಂದು ಮುಂದಿನ ಮೀಟಿಂಗಿನಲ್ಲಿ ನಾನು ಕೇಳಲಿದ್ದೇನೆ.